ಮೈಸೂರಿನಿಂದ ಬಂದ ಹಸಿರು ಬಳೆ

ಎರಡನೆಯ ಸಲ ಬಸಿರಾದದ್ದು ಗೊತ್ತಾದಾಗ ನನಗೆ ಮೊದಲು ಆದದ್ದು ಸುಸ್ತು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಆ ಪ್ಲಾಸ್ಟಿಕ್ ಕಡ್ಡಿಯ ಮೇಲೆ ಎರಡು ಗೆರೆ ಮೂಡುವುದನ್ನು ನೋಡಿ, ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆಯೇ ಕುಳಿತುಬಿಟ್ಟೆ. ಇಡೀ ಮನೆ ಸಾರಿಸಿ ಮುಗಿಸಿ ಸೊಂಟ ನೇರ ಮಾಡುವಷ್ಟರಲ್ಲಿ ಯಾರೋ ಕೆಸರುಗಾಲಲ್ಲಿ ಒಳಗೆ ನಡೆದು ಬಂದರೆ ಹೇಗಾಗುತ್ತದೋ ಹಾಗಾಯಿತು. ಮತ್ತೆ ಮೊದಲಿನಿಂದ ಶುರು. ಅದೇ ವಾಂತಿ, ಅದೇ ಕಬ್ಬಿಣದ ಮಾತ್ರೆ, ಅದೇ ಆಸ್ಪತ್ರೆಯ ಅದೇ ಬೆಂಚು. ಹೊರಗೆ ನನ್ನವರು ಆಫೀಸಿಗೆ ಹೊತ್ತಾಯಿತೆಂದು ಬಾಗಿಲು ತಟ್ಟುತ್ತಿದ್ದರು. ಬರುತ್ತೇನೆ ಎಂದೆ, ಆದರೆ ಏಳಲಾಗಲಿಲ್ಲ.

ನೈರೋಬಿಯ ಮಟಾಟು ಎಂಬ ಬಾಡಿಗೆ ವ್ಯಾನುಗಳಿಗೆಲ್ಲ ಹಳದಿ ಪಟ್ಟಿ ಬಳಿಸಿ, ಸೀಟ್ ಬೆಲ್ಟ್ ಹಾಕಿಸಿ, ಒಳಗಿನ ಹಾಡಿನ ಅಬ್ಬರವನ್ನು ಸ್ವಲ್ಪ ತಗ್ಗಿಸಿದ ಕಾಲ ಅದು. ನಾವು ಹೈರಿಡ್ಜಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದೆವು. ನನ್ನವರು ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ನಾನು ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದವಳು, ಇಲ್ಲಿ ಗಂಡನ ವೀಸಾಕ್ಕೆ ಅಂಟಿಕೊಂಡು ಬಂದು, ಅಡುಗೆಮನೆ ಕಿಟಕಿಯಿಂದ ಪಕ್ಕದ ಕಟ್ಟಡದ ನೀರಿನ ಟ್ಯಾಂಕ್ ನೋಡುತ್ತ ಇದ್ದೆ.

ಅದಕ್ಕೆ ಒಂದು ವರ್ಷ ಮೊದಲು ನಮ್ಮ ಮೊದಲನೆಯ ಮಗು ಎಂಟನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು.

ಅದಾಗುವುದಕ್ಕೆ ಕೆಲವು ವಾರಗಳ ಹಿಂದೆಯಷ್ಟೇ ನನಗೆ ಸೀಮಂತವಾಗಿತ್ತು. ನೈರೋಬಿಯ ನಮ್ಮ ಕನ್ನಡದವರ ಗುಂಪು ದೊಡ್ಡದೇನಲ್ಲ, ಆದರೆ ಅಕ್ಕರೆಗೆ ಬರವಿಲ್ಲ. ಹೈರಿಡ್ಜಿನಲ್ಲಿ ಬೆಳಗ್ಗೆ ಯಾರಾದರೂ ಸೀನಿದರೆ ಮಧ್ಯಾಹ್ನದ ಹೊತ್ತಿಗೆ ವೆಸ್ಟ್‌ಲ್ಯಾಂಡ್ಸಿನಲ್ಲಿ ಯಾರೋ ಕಷಾಯಕ್ಕೆ ನೀರಿಟ್ಟಿರುತ್ತಿದ್ದರು. ಈ ಗುಂಪಿಗೆಲ್ಲ ಹಿರಿಯರು ಒಬ್ಬರಿದ್ದರು. ಅವರ ಯಜಮಾನರು ಯಾವುದೋ ಕಾಲದಲ್ಲಿ ಬಟ್ಟೆ ಗಿರಣಿಗೆ ಎಂಜಿನಿಯರಾಗಿ ಬಂದು ಇಲ್ಲಿಯೇ ನಿಂತವರು. ಎಲ್ಲರೂ ಆಕೆಯನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಗೌರಿಗೆ ಎಷ್ಟು ಗಂಟಿನ ದಾರ, ತೊಟ್ಟಿಲಿಗೆ ಯಾವ ದಿನ, ಯಾವುದಕ್ಕೆ ಮಡಿ ಬೇಕು, ಯಾವುದಕ್ಕೆ ಬೇಡ, ಎಲ್ಲ ಅವರನ್ನೇ ಕೇಳಬೇಕು. ಗಣಪತಿ ಹಬ್ಬದ ದಿನ ಯಾರೋ ಪಾಪದವಳು ಅಂಗಡಿಯಿಂದ ತಂದ ಕೇಕ್ ನೈವೇದ್ಯಕ್ಕೆ ಇಟ್ಟಾಗ, ‘ದೇವ್ರಿಗೇನು ಹ್ಯಾಪಿ ಬರ್ತ್‌ಡೇನಾ?’ ಎಂದು ಎಲ್ಲರೆದುರು ಕೇಳಿದ ಹೆಂಗಸು. ನನಗೆ ಅವರನ್ನು ಕಂಡರೆ ಹೆದರಿಕೆ ಇತ್ತು, ಸ್ವಲ್ಪ ಸಿಟ್ಟೂ ಇತ್ತು.

ನನ್ನ ಸೀಮಂತ ಮಾಡಿಸಿದ್ದು ಅವರೇ. ಅಮ್ಮ ತೀರಿಕೊಂಡಿದ್ದರು, ಅತ್ತೆಗೆ ಆ ಸಲ ಬರಲಾಗಿರಲಿಲ್ಲ. ಮೊಗ್ಗಿನ ಜಡೆಗೆ ಮಲ್ಲಿಗೆ ಸಾಲಲಿಲ್ಲ. ಗುಲಾಬಿ ರಾಶಿ ರಾಶಿ ಸಿಗುವ ಊರು ಇದು, ಅದನ್ನೇ ಪೋಣಿಸಿ ಜಡೆ ಕಟ್ಟಿದರು. ತಲೆ ಎಷ್ಟು ಭಾರವಾಯಿತೆಂದರೆ ಆರತಿ ಮುಗಿಯುವವರೆಗೆ ನಾನು ಕತ್ತು ಆಡಿಸಲಿಲ್ಲ. ದೊಡ್ಡಮ್ಮ ನನ್ನ ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದರು. ಒಂದೂ ಒಡೆಯಲಿಲ್ಲ. ಅದು ಒಳ್ಳೆಯದು ಎಂದರು ಎಲ್ಲರೂ.

ಆಮೇಲೊಂದು ದಿನ ಬೆಳಗ್ಗೆ ಹಾಲು ಕಾಯಿಸುತ್ತ ನಿಂತಾಗ ಮಗು ಆಡಿ ಬಹಳ ಹೊತ್ತಾಯಿತಲ್ಲ ಅನ್ನಿಸಿತು. ಅಷ್ಟೇ. ಸ್ಕ್ಯಾನಿನ ಕೋಣೆಯಲ್ಲಿ ಪರದೆಯನ್ನು ನನಗೆ ಕಾಣದಂತೆ ಆ ಕಡೆ ತಿರುಗಿಸಿದರು. ಹೆರಿಗೆ ಮಾತ್ರ ಎಲ್ಲರಿಗೆ ಆಗುವಂತೆಯೇ ಆಯಿತು, ಅದೇ ನೋವು, ಅದೇ ಬೆವರು. ಹೆರಿಗೆಗೆ ಮೊದಲು ನರ್ಸ್ ಒಬ್ಬಳು ನನ್ನ ಕೈಗೆ ಸೋಪು ಹಚ್ಚಿ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದಿದ್ದಳು. ಗಂಡು ಮಗು. ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದರು. ನಾನು ಕೈ ಚಾಚುವಷ್ಟರಲ್ಲಿ ಯಾರೋ, ಬೇಡ, ನೋಡಿದರೆ ಮರೆಯುವುದು ಕಷ್ಟ ಎಂದರು. ಯಾರು ಅಂದದ್ದು ಎಂದು ಈಗಲೂ ನೆನಪಾಗುವುದಿಲ್ಲ. ನೆನಪಾದರೆ ಹೋಗಿ ಜಗಳ ಆಡುತ್ತಿದ್ದೆ.

ನನ್ನವರು ದೊಡ್ಡಮ್ಮನ ಯಜಮಾನರ ಜೊತೆ ಹೋಗಿ ಮುಂದಿನದೆಲ್ಲ ಮುಗಿಸಿ ಸಂಜೆಗೆ ಸ್ನಾನ ಮಾಡಿ ಬಂದರು. ಎಲ್ಲಿಗೆ ಹೋಗಿದ್ದರು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕಾರಣ ಏನೆಂದು ಡಾಕ್ಟರಿಗೂ ತಿಳಿಯಲಿಲ್ಲ. ಬಳೆಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಜೊತೆಯೇ ಮನೆಗೆ ಬಂದವು. ಎಸೆಯುವಂತಿಲ್ಲ, ತೊಡುವಂತಿಲ್ಲ. ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಡ್ಲಿ ಪಾತ್ರೆಯ ಹಿಂದೆ ಇಟ್ಟೆ. ಆಮೇಲೆ ತುಂಬ ದಿನ ನಮ್ಮ ಮನೆಯಲ್ಲಿ ಇಡ್ಲಿ ಆಗಲಿಲ್ಲ.

ದೊಡ್ಡಮ್ಮ ಒಂದು ಸಲ ಕ್ಯಾರಿಯರಿನಲ್ಲಿ ಅನ್ನ, ಹುಳಿ ತಂದುಕೊಟ್ಟು ಹೋದವರು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಉಳಿದ ಹೆಂಗಸರು ಬಂದರು. ಬಂದು, ‘ಇನ್ನೂ ಚಿಕ್ಕ ವಯಸ್ಸು’ ಎಂದರು. ‘ಏನೋ ಒಳ್ಳೇದಕ್ಕೇ ಆಗಿರತ್ತೆ’ ಎಂದರು. ಒಳ್ಳೆಯದು ಯಾರಿಗೆ ಎಂದು ಕೇಳಬೇಕೆನಿಸುತ್ತಿತ್ತು. ಕಾಫಿ ಕೊಟ್ಟು ಕಳಿಸುತ್ತಿದ್ದೆ. ಬಟ್ಟೆ ಒಗೆಯಲು ಬರುತ್ತಿದ್ದ ಹೆಂಗಸು ಮಾತ್ರ, ‘ಪೋಲೆ ಸಾನಾ, ಮಾಮಾ’ ಎಂದು ಹೇಳಿ ಬಕೆಟ್ಟು ತೆಗೆದುಕೊಂಡು ಬಾಲ್ಕನಿಗೆ ಹೋದಳು. ಇಲ್ಲಿ ‘ಮಾಮಾ’ ಎಂದರೆ ಅಮ್ಮ. ಈ ಊರಿನ ‘ಪೋಲೆ’ ಒಳ್ಳೆಯ ಮಾತು. ಎಡವಿ ಬಿದ್ದವರಿಗೂ ಅದೇ, ಸಾವಾದವರಿಗೂ ಅದೇ. ಅಯ್ಯೋ ಎಂದಷ್ಟೇ ಅದರ ಅರ್ಥ, ಹಿಂದೆ ಮುಂದೆ ಬುದ್ಧಿಮಾತಿನ ಬಾಲ ಇಲ್ಲ.

ಕೆಲವು ತಿಂಗಳ ನಂತರ ನಮ್ಮ ಗುಂಪಿನ ಇನ್ನೊಬ್ಬಳಿಗೆ ಸೀಮಂತವಾಯಿತು. ನಮ್ಮ ಕಟ್ಟಡದಿಂದ ನಡೆದು ಹೋಗುವಷ್ಟು ದೂರದಲ್ಲೇ. ನನ್ನನ್ನು ಕರೆಯಲಿಲ್ಲ. ಸಂಜೆ ಅವರ ಡ್ರೈವರು ಒಂದು ಡಬ್ಬಿಯಲ್ಲಿ ಹೋಳಿಗೆ, ಕೋಸಂಬರಿ ತಂದುಕೊಟ್ಟ. ನನಗೆ ನೋವಾಗಬಾರದೆಂದು ಕರೆಯದೆ ಇದ್ದದ್ದು ಎಂದು ಆಮೇಲೆ ತಿಳಿಯಿತು, ಆದರೆ ಆವತ್ತು ಆ ಡಬ್ಬಿ ನೋಡಿ ನನಗೆ ಮೈಯೆಲ್ಲ ಉರಿಯಿತು. ಕೆಳಗೆ ಗೇಟಿನಲ್ಲಿ ಕೂರುವ ಅಸ್ಕಾರಿಗೆ ಹೋಳಿಗೆಯನ್ನೆಲ್ಲ ಕೊಟ್ಟುಬಿಟ್ಟೆ. ಅವನು ಒಂದನ್ನು ತಿಂದು, ಇನ್ನೊಂದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಇದು ಯಾವ ಚಪಾತಿ, ಇಷ್ಟು ಸಿಹಿ ಎಂದು ಕೇಳಿದ. ದೊಡ್ಡಮ್ಮ ಬರದೆ ಇರುವುದಕ್ಕೂ ಇದೇ ಅರ್ಥ ಎಂದು ನಾನು ತೀರ್ಮಾನಿಸಿಕೊಂಡೆ. ನನ್ನ ಕಾಲ್ಗುಣ, ನನ್ನ ಮಡಿಲು, ಎಲ್ಲ ಅವರ ಶಾಸ್ತ್ರದಲ್ಲಿ ಫೇಲು.

ಹೀಗಿರುವಾಗ ಎರಡನೆಯದು. ಐದು ತಿಂಗಳು ತುಂಬುವವರೆಗೆ ನಾವು ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ಎಲ್ಲರೂ ನನ್ನನ್ನು ಕಂಡಾಗಲೆಲ್ಲ ಬೇಕೆಂದೇ ನಗುಮುಖ ಮಾಡಲು ಶುರು ಮಾಡಿದರು. ‘ಪಾಸಿಟಿವ್ ಆಗಿರ್ಬೇಕಮ್ಮ, ತಾಯಿ ಯೋಚ್ನೆ ಮಾಡಿದ್ರೆ ಮಗೂಗೆ ತಟ್ಟತ್ತೆ.’ ಯೋಚನೆ ಮಾಡಿದರೆ ಮಗುವಿಗೆ ತಟ್ಟುತ್ತದೆ ಎಂಬುದು ಹೊಸ ಯೋಚನೆಯಾಗಿ ಸೇರಿಕೊಂಡಿತು. ಮೊದಲನೆಯ ಸಲ ನಾನೇನು ಅತ್ತುಕೊಂಡು ಕೂತಿದ್ದೆನೇ? ಹಾಡು ಹೇಳಿಕೊಂಡು ದೋಸೆ ಹುಯ್ಯುತ್ತಿದ್ದೆ. ಆಗಲೂ ಹೋಯಿತಲ್ಲ.

ದಿನಗಳು ಹೀಗಿದ್ದವು: ಎದ್ದ ಕೂಡಲೇ ಹೊಟ್ಟೆಯ ಮೇಲೆ ಕೈ. ಆಡಿದರೆ ಎದ್ದು ಕಾಫಿ. ಆಡದಿದ್ದರೆ ಫ್ರಿಜ್ಜಿನಿಂದ ತಣ್ಣನೆಯ ಪ್ಯಾಶನ್ ಹಣ್ಣಿನ ಜ್ಯೂಸು ಕುಡಿದು ಎಡಮಗ್ಗುಲಿಗೆ ಮಲಗಿ ಕಾಯುವುದು. ಸಿಹಿಯೂ ತಣ್ಣಗೂ ಹೊಟ್ಟೆಗೆ ಬಿದ್ದರೆ ಕೆಲವು ಸಲ ಒದೆಯುತ್ತಿತ್ತು. ಒದ್ದರೆ ಸಮಾಧಾನ, ಆ ಸಮಾಧಾನ ಸಾರು ಕುದಿಯುವಷ್ಟು ಹೊತ್ತು. ಆಮೇಲೆ ಮತ್ತೆ ಕೈ. ನಿದ್ದೆ ಮಾಡಿದರೆ ಆ ಹೊತ್ತಿನಲ್ಲೇ ಏನಾದರೂ ಆಗಿಬಿಟ್ಟರೆ ಎಂದು ನಿದ್ದೆಯೂ ಅರ್ಧಂಬರ್ಧ. ನಾನೇ ಕಾವಲುಗಾರ್ತಿ. ಪಾಳಿ ಬದಲಾಯಿಸಲು ಇನ್ನೊಬ್ಬರಿಲ್ಲ.

ನನ್ನವರು ಇಂಡಸ್ಟ್ರಿಯಲ್ ಏರಿಯಾದಿಂದ ಫೋನ್ ಮಾಡುತ್ತಿದ್ದರು. ಹಲೋ ಇಲ್ಲ, ಏನಿಲ್ಲ, ‘ಒದೀತಾ?’ ಎಂಬುದೇ ಮೊದಲ ಮಾತು. ಒದೆಯಿತು ಎಂದರೆ ‘ಸರಿ’ ಎಂದು ಇಡುತ್ತಿದ್ದರು. ಸಂಜೆ ಲಾರಿಗಳ ನಡುವೆ ಜಾಮಿನಲ್ಲಿ ಸಿಕ್ಕಿಕೊಂಡಾಗ ಮತ್ತೆ, ‘ಒದೀತಾ?’ ಒಂದು ದಿನ ನನಗೆ ರೇಗಿಹೋಯಿತು. ‘ನಾನು ಹೇಗಿದೀನಿ ಅಂತ ಒಂದ್ಸಲ ಕೇಳ್ರೀ’ ಎಂದೆ. ಆ ಕಡೆ ಹಾರನ್ನುಗಳ ನಡುವೆ ಕಾರಿನ ಗಾಜು ಏರಿಸಿದ್ದು ಕೇಳಿಸಿತು. ಆಮೇಲೆ ಅವರು, ‘ಕೇಳಿದ್ರೆ ನೀನು ಹೇಳ್ತೀಯಲ್ಲ, ಅದಕ್ಕೇ ಭಯ ಕಣೇ’ ಎಂದರು. ಆ ಮನುಷ್ಯನೂ ನನ್ನಷ್ಟೇ ಸುಸ್ತಾಗಿದ್ದಾರೆ ಎಂದು ನನಗೆ ಆಗ ಹೊಳೆಯಿತು. ಇಬ್ಬರು ಸುಸ್ತಾದವರು ಒಬ್ಬರನ್ನೊಬ್ಬರು ಎಷ್ಟೆಂದು ಹೊರಲು ಸಾಧ್ಯ.

ನಮಗೆ ಆಸರೆಯಾದವರು ಡಾಕ್ಟರು. ಇಲ್ಲಿಯೇ ಹುಟ್ಟಿ ಬೆಳೆದ ಗುಜರಾತಿ ಹೆಂಗಸು, ಮಾತು ಕಡಿಮೆ. ಮೊದಲನೆಯ ಭೇಟಿಯಲ್ಲೇ, ‘ಭಯಪಡಬೇಡ ಅಂತ ನಾನು ಹೇಳೋದಿಲ್ಲ, ಭಯ ಆಗೇ ಆಗತ್ತೆ. ಆದಾಗ ಫೋನ್ ಮಾಡ್ಬೇಡ, ಅಪಾಯಿಂಟ್‌ಮೆಂಟ್ ಬೇಡ, ಎದ್ದು ಬಂದ್ಬಿಡು’ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಎದ್ದು ಹೋಗುತ್ತಿದ್ದೆ. ವಾರಕ್ಕೆ ಎರಡು ಸಲವೂ ಹೋದದ್ದುಂಟು. ನರ್ಸ್ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಎದೆಬಡಿತ ಕೇಳಿಸುತ್ತಿದ್ದಳು. ಮೊದಲನೆಯ ಹೆರಿಗೆಯಲ್ಲಿ ನನ್ನ ಬಳೆ ತೆಗೆದ ನರ್ಸೇ ಅವಳು. ನಾವಿಬ್ಬರೂ ಅದರ ಮಾತು ಎತ್ತುತ್ತಿರಲಿಲ್ಲ. ಒಂದು ಸಲವೂ ಅವಳು, ‘ಮತ್ತೆ ಬಂದ್ಯಾ?’ ಎನ್ನಲಿಲ್ಲ.

ಆದರೆ ಆಸ್ಪತ್ರೆಯಲ್ಲಿ ಒಂದು ಹಿಂಸೆ ಇತ್ತು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು, ರಕ್ತ ತೆಗೆಯುವವಳು, ಲಿಫ್ಟಿನಲ್ಲಿ ಸಿಕ್ಕವರು, ಎಲ್ಲರದ್ದೂ ಒಂದೇ ಪ್ರಶ್ನೆ: ಮೊದಲನೆಯದಾ? ಹೌದು ಎಂದರೆ ಅವನನ್ನು ಅಳಿಸಿದಂತೆ. ಅಲ್ಲ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ದೊಡ್ಡದಕ್ಕೆ ಎಷ್ಟು ವರ್ಷ? ಒಂದು ದಿನ ಹೌದು ಎಂದೆ. ಮನೆಗೆ ಬಂದು ತಟ್ಟೆಗಳನ್ನೆಲ್ಲ ದಡಬಡ ತೊಳೆದೆ. ಆಮೇಲಿನ ದಿನಗಳಲ್ಲಿ ಪ್ರಶ್ನೆ ಕೇಳಿಸದವಳಂತೆ ಚೀಲದಲ್ಲಿ ಏನೋ ಹುಡುಕುವುದನ್ನು ಕಲಿತೆ. ನನ್ನ ಮಗ ಇದ್ದ ಎಂದು ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಬೇಕಿತ್ತು ನನಗೆ. ಅಷ್ಟೇ ಬೇಕಿದ್ದದ್ದು. ಅದನ್ನು ಕೇಳಿ ಪಡೆಯುವುದು ಹೇಗೆ ಎಂದು ತಿಳಿಯುತ್ತಿರಲಿಲ್ಲ.

ಏಳನೆಯ ತಿಂಗಳು ಹಿಡಿಯುವ ಹೊತ್ತಿಗೆ ಅತ್ತೆ ಬಂದರು. ಎಂಬಕಸಿಯ ಏರ್‌ಪೋರ್ಟಿಗೆ ನನ್ನವರ ಜೊತೆ ನಾನೂ ಹೋಗಿದ್ದೆ. ಹೊರಬಂದವರೇ ಮೊದಲು ನನ್ನ ಹೊಟ್ಟೆ ನೋಡಿದರು, ಆಮೇಲೆ ಮುಖ, ಆಮೇಲೆ ಮಗನನ್ನು. ಸೂಟ್‌ಕೇಸನ್ನು ಟ್ರಾಲಿಯಿಂದ ಎತ್ತಲು ಮಗನಿಗೂ ಬಿಡಲಿಲ್ಲ. ‘ನಿಧಾನ, ನಿಧಾನ, ಅದ್ರೊಳಗೆ ಗಾಜಿದೆ’ ಎಂದರು. ಮೆಂತ್ಯದ ಹಿಟ್ಟಿನ ಬಾಟಲಿ ಇರಬೇಕು ಎಂದುಕೊಂಡೆ.

ಮನೆಗೆ ಬಂದು ತೆರೆದರೆ ಪಂಚೆಯ ಮಡಿಕೆಯೊಳಗೆ ಪಂಚೆ, ಅದರೊಳಗೆ ನನ್ನ ಅಳತೆಯ ಹಸಿರು ಬಳೆ. ಪಕ್ಕದಲ್ಲಿ ಹಸಿರು ರೇಷ್ಮೆ ಸೀರೆ. ಮೈಸೂರಿನಿಂದ ನೈರೋಬಿಗೆ ಎರಡು ವಿಮಾನ ಹತ್ತಿ ಇಳಿದರೂ ಒಂದು ಬಳೆ ಬಿರುಕು ಬಿಟ್ಟಿರಲಿಲ್ಲ. ಅತ್ತೆಯ ಮುಖದಲ್ಲಿ ಗೆದ್ದ ಕಳೆ.

‘ಸೀಮಂತ ಮಾಡ್ಬಿಡೋಣ’ ಎಂದರು. ‘ಹೋದ್ಸಲ ನಾನಿರ್ಲಿಲ್ಲ. ಈ ಸಲ ಸರಿಯಾಗಿ ಮಾಡೋಣ.’

‘ಅತ್ತೆ, ನಂಗೆ ಸೀಮಂತ ಆಗಿದೆಯಲ್ಲ’ ಎಂದೆ.

‘ಅದು ಬಿಡು. ಅದು ಲೆಕ್ಕಕ್ಕಿಲ್ಲ. ಇದೇ ಚೊಚ್ಚಲು ಅಂದ್ಕೊ. ಹಳೇದೆಲ್ಲ ತೊಳ್ಕೊಂಡು ಹೋಗತ್ತೆ.’

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆ ಒಂದೂವರೆ ವರ್ಷ ಅವರು ನಂಜನಗೂಡಿಗೆ ಎಷ್ಟು ಸಲ ಹೋಗಿ ಬಂದಿದ್ದಾರೆ ಎಂದು ನನಗೆ ಗೊತ್ತಿತ್ತು. ಮೊದಲನೆಯ ಸಲ ತಾನು ಬರದೆ ಇದ್ದದ್ದಕ್ಕೇ ಹೀಗಾಯಿತು ಎಂಬ ಕೊರಗೂ ಅವರೊಳಗೆ ಇದ್ದಿರಬೇಕು. ಆದರೆ ಆ ‘ಲೆಕ್ಕಕ್ಕಿಲ್ಲ’ ಎಂಬ ಮಾತು ನನ್ನ ಹೊಟ್ಟೆಗೆ ನೇರವಾಗಿ ಬಡಿಯಿತು. ಸೀಮಂತ ಚೊಚ್ಚಲ ಬಸಿರಿಗೆ ಮಾಡುವುದು, ಜೀವಮಾನಕ್ಕೆ ಒಂದೇ ಸಲ. ಅದು ಎಲ್ಲರಿಗೂ ಗೊತ್ತು. ಈಗ ಮತ್ತೆ ಹಸೆಯ ಮೇಲೆ ಕೂತರೆ ಮೊದಲನೆಯ ಬಸಿರು ಇರಲೇ ಇಲ್ಲ ಎಂದು ಊರೆಲ್ಲ ಸೇರಿ ಆರತಿ ಎತ್ತಿದ ಹಾಗೆ. ಇರಲೇ ಇಲ್ಲದವನಿಗಾಗಿ ನಾನು ಒಂದೂವರೆ ವರ್ಷ ಅತ್ತದ್ದೇ?

ಜಗಳ ಆಡಲು ಶಕ್ತಿ ಇರಲಿಲ್ಲ. ನನ್ನವರಿಗೆ ಹೇಳಿದೆ. ಅವರು ಟೈ ಸಡಿಲಿಸುತ್ತ, ‘ಅಮ್ಮ ಅಷ್ಟು ದೂರದಿಂದ ಜೋಪಾನವಾಗಿ ತಂದಿದಾರೆ. ಒಂದು ಗಂಟೆ ಕೂತ್ಕೊಂಡ್ಬಿಡು. ನಂಗೂ ಇಷ್ಟ ಇಲ್ಲ’ ಎಂದರು. ಇಷ್ಟವಿಲ್ಲದ ಇಬ್ಬರೂ ಸೇರಿ ಒಪ್ಪಿದೆವು. ಸುಸ್ತಾದವರ ಮನೆಯಲ್ಲಿ ತೀರ್ಮಾನಗಳು ಹೀಗೇ ಆಗುತ್ತವೆ. ಅತ್ತೆ ಫೋನಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಗುಂಪಿನ ಹೆಂಗಸರಿಗೆಲ್ಲ ತಾವೇ ಕರೆ ಕೊಟ್ಟರು. ಮಾಡಿಸುವವರು ದೊಡ್ಡಮ್ಮನೇ ಆಗಬೇಕು ಎಂದು ಅವರಿಗೂ ಫೋನ್ ಮಾಡಿದರು. ದೊಡ್ಡಮ್ಮ, ‘ಬಂದು ಮಾತಾಡ್ತೀನಿ’ ಎಂದಷ್ಟೇ ಹೇಳಿ ಇಟ್ಟರಂತೆ.

ಮಾರನೆಯ ದಿನ ಮಧ್ಯಾಹ್ನ ಅವರು ಬಂದರು. ಲಿಫ್ಟು ಕೆಟ್ಟಿತ್ತು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಾಗ, ಒಂದೂವರೆ ವರ್ಷದಲ್ಲಿ ಅವರಿಗೆ ವಯಸ್ಸಾಗಿದೆ ಎಂದು ಕಂಡಿತು. ನಾನು ನೀರು ಕೊಟ್ಟು ಅಡುಗೆಮನೆಗೆ ಹೋಗಿ ಕಾಫಿಗೆ ಇಟ್ಟೆ. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು. ಅತ್ತೆ ಬಳೆ, ಸೀರೆ ತಂದು ಮುಂದೆ ಹರಡಿ, ಯಾವ ದಿನ, ಯಾವ ಹೊತ್ತು, ಐದು ಬಗೆಯ ಕಲಸಿದ ಅನ್ನ ಸಾಕೇ ಎಂದೆಲ್ಲ ಹೇಳುತ್ತಾ ಹೋದರು. ದೊಡ್ಡಮ್ಮ ಪೂರ್ತಿ ಕೇಳಿದರು.

‘ಬಳೆ ಚೆನ್ನಾಗಿವೆ’ ಎಂದರು. ‘ಆದ್ರೆ ಸೀಮಂತ ನಾನು ಮಾಡ್ಸಲ್ಲ ಕಣ್ರೀ.’

ನಾನು ಕುದಿಯುವ ನೀರಿಗೆ ಕಾಫಿಪುಡಿ ಸುರಿದೆ. ಅಂದರೆ ನಾನು ಅಂದುಕೊಂಡಿದ್ದೇ ನಿಜ. ನನ್ನನ್ನು ಮುಟ್ಟಲು ಇವರಿಗೆ ಹಿಂಜರಿಕೆ.

‘ಯಾಕೆ?’ ಎಂದರು ಅತ್ತೆ. ಸ್ವರ ಗಡುಸಾಗಿತ್ತು.

‘ಸೀಮಂತ ಒಂದೇ ಸಲ. ಅವಳಿಗಾಗಿದೆ. ನಾನೇ ನಿಂತು ಮಾಡ್ಸಿದೀನಿ. ಇನ್ನೊಂದ್ಸಲ ಹೆಂಗೆ ಮಾಡೋದು?’

‘ಆದ್ರೆ ಆ ಮಗು...’

‘ಮಗು ಉಳೀಲಿಲ್ಲ. ಹಾಗಂತ ಬಸಿರೇ ಸುಳ್ಳಾ? ಗಂಡು ಮಗು ಕಣ್ರೀ. ನಿಮ್ಮ ಮಗನ ಜೊತೆ ನಮ್ಮನೆಯವ್ರೇ ಹೋಗಿ ಮಣ್ಣು ಮಾಡಿ ಬಂದ್ರು. ನಾನು ಆಸ್ಪತ್ರೇಲೇ ಇದ್ದೆ, ನೋಡಿದೀನಿ. ತಲೆ ತುಂಬ ಕೂದ್ಲು. ಇಲ್ಲಿ ಕಿವಿ ಮೇಲೆ ಬರ್ತಿತ್ತು. ಅವನೇ ಚೊಚ್ಚಲು. ಇದು ಎರಡ್ನೇದು. ನಾವು ಇದನ್ನ ಚೊಚ್ಚಲು ಅಂದ್ಬಿಟ್ರೆ ಅವನಿಗೆ ಜಾಗ ಎಲ್ಲಿ?’

ಕಾಫಿ ಡಿಕಾಕ್ಷನ್ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ಗ್ಯಾಸ್ ಆರಿಸಿ, ಕಟ್ಟೆ ಹಿಡಿದು ನಿಂತೆ. ಕೂದಲು ನಾನೂ ನೋಡಿದ್ದೆ. ನೋಡಿದ್ದು ನಿಜವೋ, ಆಮೇಲೆ ನಾನೇ ಕಲ್ಪಿಸಿಕೊಂಡದ್ದೋ ಎಂದು ಅಷ್ಟು ದಿನ ನನಗೇ ಅನುಮಾನವಿತ್ತು. ಕಿವಿಯ ಮೇಲೆ. ಹೌದು, ಎಡಗಿವಿಯ ಮೇಲೆ. ನನಗೆ ಅಳು ಬಂದ ರಭಸಕ್ಕೆ ಹೊಟ್ಟೆಯೊಳಗಿನದು ಒಂದು ಸಲ ಹೊರಳಿತು. ಅತ್ತೆ ಒಳಗೆ ಓಡಿ ಬಂದು, ‘ಏನಾಯ್ತೇ, ನೋವಾ?’ ಎಂದರು. ನೋವಲ್ಲ ಎಂದು ತಲೆಯಾಡಿಸಿದೆ.

ಅವರ ಹಿಂದೆಯೇ ಬಂದ ದೊಡ್ಡಮ್ಮ ಬಾಗಿಲಲ್ಲಿ ನಿಂತರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡು, ಇಷ್ಟು ದಿನ ಒಳಗೆ ಇಟ್ಟುಕೊಂಡಿದ್ದ ಸಿಟ್ಟಿನಲ್ಲಿ ಕೇಳಿಯೇಬಿಟ್ಟೆ. ‘ಇಷ್ಟೆಲ್ಲ ನೆನಪಿಟ್ಕೊಂಡಿರೋರು ಮತ್ಯಾಕೆ ಬರ್ಲಿಲ್ಲ ನೀವು? ನಾನು ಅಪಶಕುನ ಅಂತಾನಾ?’

ದೊಡ್ಡಮ್ಮ ಬಾಗಿಲು ಬಿಟ್ಟು ಒಳಗೆ ಬಂದರು. ‘ನಿನ್ ಕೈಗೆ ಬಳೆ ಏರ್ಸಿದ್ದು ನಾನು ಮಗು. ನನ್ ಕೈಗುಣಾನೇ ಸರಿಯಿಲ್ಲ ಅಂತ ನೀನು ಅಂದ್ಕೊಂಡಿರ್ತೀಯ ಅಂತ, ನಿನ್ ಮುಖ ನೋಡೋ ಧೈರ್ಯ ಆಗ್ಲಿಲ್ಲ. ಆಮೇಲೆ ಯಾರಿಗೂ ಬಳೆ ತೊಡ್ಸಿಲ್ಲ ನಾನು.’

ಆ ಹೋಳಿಗೆಯ ಡಬ್ಬಿ ಬಂದ ದಿನದ ಸೀಮಂತದಲ್ಲೂ ಅವರು ಬಳೆ ಮುಟ್ಟದೆ ಬೇರೆಯವರ ಕೈಲಿ ತೊಡಿಸಿ ತಾವು ನಡುಮನೆಯ ಮೂಲೆಯಲ್ಲಿ ಕೂತಿದ್ದರಂತೆ. ಅವರು ನನ್ನ ಮೇಲೆ ಹೊರಿಸಿದ್ದಾರೆ ಎಂದು ನಾನು ಅಂದುಕೊಂಡ ದೋಷವನ್ನು ಅವರು ತಮ್ಮ ಮೇಲೆ ಹೊರಿಸಿಕೊಂಡು ಅಷ್ಟೂ ದಿನ ಒಂದು ರಸ್ತೆಯ ಆಚೆ ಕೂತಿದ್ದರು. ಇಬ್ಬರೂ ಒಂದೇ ಅಂಗಡಿಯಲ್ಲಿ ಕೊತ್ತಂಬರಿ ಕೊಳ್ಳುತ್ತಿದ್ದೆವು, ಬೇರೆ ಬೇರೆ ಹೊತ್ತಿನಲ್ಲಿ.

‘ಹಳೇ ಬಳೆ ಏನಾಯ್ತು?’ ಎಂದು ಕೇಳಿದರು.

ನಾನು ಕಪಾಟು ತೋರಿಸಿದೆ. ಇಡ್ಲಿ ಪಾತ್ರೆ ಸರಿಸಿ ಅತ್ತೆಯೇ ಆ ಕವರನ್ನು ತೆಗೆದರು. ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ದೊಡ್ಡಮ್ಮನ ಕಡೆ ನೋಡಿದರು.

‘ಹೆರಿಗೆ ಆದ್ಮೇಲೆ ಸೀಮಂತದ ಬಳೆ ಸೂಲಗಿತ್ತಿಗೆ ಸೇರ್ಬೇಕು. ನಮ್ಮಲ್ಲಿ ಹಾಗೆ. ಕೊಡದೆ ಇಟ್ಕೊಂಡಿದೀರ’ ಎಂದು ಗದರಿದರು ದೊಡ್ಡಮ್ಮ. ಹಳೆಯ ದೊಡ್ಡಮ್ಮ ಮರಳಿ ಬಂದಿದ್ದರು. ‘ಮಗು ಉಳೀಲಿ ಬಿಡ್ಲಿ, ಹೆರಿಗೆ ಹೆರಿಗೇನೇ. ಅವತ್ತು ಯಾರಿದ್ರೋ ಅವ್ರಿಗೆ ಕೊಟ್ಟು ಬನ್ನಿ.’

‘ಮತ್ತೆ ಇವು?’ ಎಂದರು ಅತ್ತೆ, ನಡುಮನೆಯಲ್ಲಿ ಹರಡಿದ್ದ ಹೊಸ ಬಳೆಗಳ ಕಡೆ ಕೈ ಮಾಡಿ. ಸ್ವರ ತೀರಾ ಸಣ್ಣದಾಗಿತ್ತು. ಎರಡು ವಿಮಾನ ಹತ್ತಿಸಿ ತಂದವರಲ್ಲವೇ.

‘ಬಸುರಿ ಸೊಸೆಗೆ ಅತ್ತೆ ಬಳೆ ತೊಡ್ಸೋಕೆ ಯಾವ ಶಾಸ್ತ್ರ ಬೇಕ್ರೀ? ತೊಡ್ಸಿ.’

ಅತ್ತೆ ನನ್ನನ್ನು ಸೋಫಾದ ಮೇಲೆ ಕೂರಿಸಿ ತೊಡಿಸಿದರು. ಹಸೆ ಇಲ್ಲ, ಆರತಿ ಇಲ್ಲ, ಮೊಗ್ಗಿನ ಜಡೆ ಇಲ್ಲ. ನಾನು ಮನೆಯ ನೈಟಿಯಲ್ಲೇ ಇದ್ದೆ. ಎಡಗೈಗೆ ಏರಿಸುವಾಗ ಎರಡು ಬಳೆ ಫಟ್ಟೆಂದು ಒಡೆದವು. ಅತ್ತೆಯ ಮುಖ ಬಿಳಿಚಿಕೊಂಡಿತು. ದೊಡ್ಡಮ್ಮ ಚೂರುಗಳನ್ನು ಅಂಗೈಗೆ ಆಯ್ದುಕೊಳ್ಳುತ್ತ, ‘ಕೈ ಊದ್ಕೊಂಡಿದೆ, ಇನ್ನೇನಾಗತ್ತೆ. ಉಪ್ಪು ಕಮ್ಮಿ ಮಾಡು ಅಂತ ಹೇಳಿಲ್ವಾ ಡಾಕ್ಟ್ರು?’ ಎಂದರು. ನನಗೆ ನಗು ಬಂತು. ಅಂತೂ ಸೀಮಂತ ಇಲ್ಲ ಎಂದು ಅತ್ತೆ ಮತ್ತೆ ಎಲ್ಲರಿಗೂ ಫೋನ್ ಮಾಡಬೇಕಾಯಿತು. ಏನು ಕಾರಣ ಹೇಳಿದರೋ ನಾನು ಕೇಳಲಿಲ್ಲ, ಒಳಗೆ ಹೋಗಿ ಮಲಗಿದ್ದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಹಳೆಯ ಬಳೆಗಳನ್ನು ಆ ನರ್ಸಿಗೆ ಕೊಟ್ಟೆ. ನಮ್ಮಲ್ಲಿ ಹೆರಿಗೆ ಮಾಡಿಸಿದವರಿಗೆ ಇದನ್ನು ಕೊಡುವ ಪದ್ಧತಿ, ಆವತ್ತು ಕೊಡಲಾಗಲಿಲ್ಲ ಎಂದೆ. ಯಾವ ದಿನ ಎಂದು ಅವಳು ಕೇಳಲಿಲ್ಲ. ‘ಅಸಾಂಟೆ’ ಎಂದು ಧನ್ಯವಾದ ಹೇಳಿ, ಆಮೇಲೆ ಮೆಲ್ಲಗೆ ‘ಪೋಲೆ’ ಎಂದು, ಬಳೆ ಹಾಕಿಕೊಳ್ಳಲು ನೋಡಿದಳು. ಅವಳ ಕೈಗೆ ಒಂದೂ ಏರಲಿಲ್ಲ. ಮಗಳಿಗಾಗುತ್ತದೆ ಎಂದು ಯೂನಿಫಾರ್ಮಿನ ಜೇಬಿಗೆ ಹಾಕಿಕೊಂಡಳು. ಕಾರಿಡಾರಿನಲ್ಲಿ ಅವಳು ನಡೆದು ಹೋಗುವಾಗ ಜೇಬು ಕಿಣಿಕಿಣಿ ಎನ್ನುತ್ತಿತ್ತು.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎಂಟನೆಯ ತಿಂಗಳು ನನಗೆ ನರಕವೇ ಆಗಿತ್ತು. ಮೊದಲನೆಯವನು ಹೋದ ವಾರ ಬಂದಾಗ ನಾನು ಹಾಲು ಕಾಯಿಸುವುದನ್ನೇ ಬಿಟ್ಟೆ, ಅತ್ತೆ ಕಾಯಿಸಿದರು. ಫ್ರಿಜ್ಜಿನಲ್ಲಿ ಪ್ಯಾಶನ್ ಜ್ಯೂಸು ಮುಗಿಯುತ್ತಲೇ ಇತ್ತು. ಆದರೆ ಈಗ ದೊಡ್ಡಮ್ಮ ದಿನವೂ ಮೂರು ಮಹಡಿ ಹತ್ತಿ ಬಂದು, ಮಾತಿಲ್ಲದೆ ಸೊಪ್ಪು ಬಿಡಿಸುತ್ತ ಕೂರುತ್ತಿದ್ದರು. ‘ನೀನು ಸ್ವಲ್ಪ ಕಣ್ಮುಚ್ಚು, ನಾನು ಕೈಯಿಟ್ಕೊಂಡಿರ್ತೀನಿ’ ಎಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಡುತ್ತಿದ್ದರು. ಸೊಪ್ಪಿನ ವಾಸನೆಯ ಕೈ. ಕಾವಲಿಗೆ ಇನ್ನೊಬ್ಬರು ಸಿಕ್ಕಿದ್ದರು. ನನ್ನವರೂ ಒಂದು ಸಂಜೆ, ನಾನು ಕೇಳದೆಯೇ, ಆವತ್ತು ತಾವು ಎಲ್ಲಿಗೆ ಹೋಗಿದ್ದರು, ಅಲ್ಲಿ ಎಂಥ ಮರವಿದೆ ಎಂದು ಹೇಳಿದರು. ಒಂದು ದಿನ ಹೋಗೋಣ ಎಂದೆ.

ಹೆರಿಗೆ ಒಂದು ಬೆಳಗ್ಗೆ ಆಯಿತು. ಅತ್ತೆ ಬಾಗಿಲ ಹೊರಗೇ ನಿಂತಿದ್ದರು. ಮಗು ಅತ್ತಿತು. ಅದು ಅಳುವವರೆಗೆ ನಾನು ಉಸಿರು ಬಿಟ್ಟಿರಲಿಲ್ಲ ಎಂದು ಕಾಣುತ್ತದೆ, ಬಿಟ್ಟಾಗ ಎದೆ ನೋಯಿತು. ಹೆಣ್ಣು. ತಲೆಯಲ್ಲಿ ಒಂದು ಎಳೆ ಕೂದಲಿಲ್ಲ. ತಂದು ನನ್ನ ತೋಳಿನಲ್ಲಿ ಇಟ್ಟರು. ಈ ಸಲ ಬೇಡ ಎನ್ನಲು ಯಾರೂ ಇರಲಿಲ್ಲ.

ಮಧ್ಯಾಹ್ನ ವಾರ್ಡಿಗೆ ಹೊಸ ನರ್ಸ್ ಒಬ್ಬಳು ಬಂದಳು, ಚಿಕ್ಕ ಹುಡುಗಿ. ಹಾಸಿಗೆ ಸರಿಪಡಿಸುತ್ತ ನಗುನಗುತ್ತ, ‘ಫಸ್ಟ್ ಬೇಬಿ?’ ಎಂದಳು. ನಾನು ಅಭ್ಯಾಸಬಲದಿಂದ ಚೀಲ ಎಲ್ಲಿದೆ ಎಂದು ಆ ಕಡೆ ಈ ಕಡೆ ನೋಡಿದೆ.

ಅತ್ತೆ ಕುರ್ಚಿಯಿಂದ ಎದ್ದರು. ಅವರಿಗೆ ಬರುತ್ತಿದ್ದ ಇಂಗ್ಲಿಷು ಒಂದು ಮುಷ್ಟಿಯಷ್ಟು. ‘ನೋ, ನೋ’ ಎಂದರು. ಎರಡು ಬೆರಳು ಎತ್ತಿ ತೋರಿಸಿದರು. ‘ಸೆಕೆಂಡ್. ಫಸ್ಟ್, ಬಾಯ್.’ ಆಮೇಲೆ ಇನ್ನೂ ಏನೋ ಹೇಳಬೇಕೆನಿಸಿ, ಇಂಗ್ಲಿಷ್ ಸಾಲದೆ, ತಮ್ಮ ಕಿವಿಯ ಮೇಲೆ ಕೈಯಾಡಿಸಿ ಅವನಿಗೆ ಕೂದಲು ಎಲ್ಲಿಯವರೆಗೆ ಬರುತ್ತಿತ್ತು ಎಂದು ತೋರಿಸಿದರು. ಹುಡುಗಿಗೆ ಏನೂ ಅರ್ಥವಾಗಲಿಲ್ಲ, ತಲೆಯಾಡಿಸಿದಳು. ಅವನನ್ನು ಒಮ್ಮೆಯೂ ಕಾಣದಿದ್ದ ಅತ್ತೆ, ಅಷ್ಟು ಹೇಳಿ ಮುಗಿಸಿ ಮಗುವನ್ನು ನನ್ನ ತೋಳಿನಿಂದ ಎತ್ತಿಕೊಂಡರು.

‘ನೀನು ಮಲ್ಕೊ, ನಾನು ನೋಡ್ಕೋತೀನಿ’ ಎಂದರು. ನಾನು ಎಡಕ್ಕಲ್ಲದೆ ನನಗೆ ಬೇಕಾದ ಮಗ್ಗುಲಿಗೆ ಹೊರಳಿ ಮಲಗಿದೆ. ನಿದ್ದೆ ಬಂತು.